ದುರ್ಗದ ಸೀಮೆಯ ಗಾಳಿಯೂ ಪರದೇಶದ ಕೇಶಯಂತ್ರಗಳೂ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟ ಹೆದ್ದಾರಿಯು ಹಿರಿಯೂರನ್ನು ಸಮೀಪಿಸುತ್ತಲೇ ಸೀಮೆಯ ಮುಖಚಹರೆಯು ಬೇರೆಯಾಗುವುದು. ಜಾಲಿ, ಕಳ್ಳಿ, ಕಾದ ಬಂಡೆಗುಂಡುಗಳು. ನಡುನಡುವೆ ಶೇಂಗಾ ಹೊಲಗಳು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು ೪೦ ಕಿಲೋಮೀಟರುಗಳ ದಾರಿ. ಈ ದಾರಿಯುದ್ದಕ್ಕೂ ಬೆಟ್ಟಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಬಿಳಿಯ ಗಾಳಿಯಂತ್ರಗಳು ಕಣ್ಣಿಗೆ ಬೀಳುತ್ತವೆ. ಹಳ್ಳಿಗರು ಇವುಗಳನ್ನು ಸುಮ್ಮನೆ ‘ಫ್ಯಾನು’ ಎಂದು ಕರೆಯುತ್ತಾರೆ. ನಮ್ಮ ಮನೆಯ ಫ್ಯಾನು ವಿದ್ಯುತ್ತನ್ನು ತಿಂದು ಗಾಳಿಯನ್ನು ಕೊಡುವುದು. ಈ ಫ್ಯಾನಾದರೋ ಗಾಳಿಯನ್ನು ತಿಂದು ವಿದ್ಯುತ್ತನ್ನು ಕೊಡುವುದು. ಹೆಸರು ಒಂದೇ ಆದರೂ ಕಸುಬು ತಲೆಕೆಳಗು.

ದುರ್ಗದ ಗಾಳಿಯ ಬಲವನ್ನು ತಿಳಿಯಬೇಕಾದವರು ಏಳು ಸುತ್ತಿನ ಕೋಟೆಯನ್ನು ಸಂಜೆಯ ಹೊತ್ತಿಗೆ ಹತ್ತಬೇಕು. ಮದಕರಿನಾಯಕನ ಈ ಕೋಟೆಯು ೧೭೭೯ರಲ್ಲಿ ಹೈದರಾಲಿಯ ವಶವಾದ ಕಥೆಯನ್ನೂ, ಒನಕೆ ಓಬವ್ವನ ಕಿಂಡಿಯ ಕಥೆಯನ್ನೂ ವಾಚಕರು ಬಾಲ್ಯದಿಂದಲೇ ಬಲ್ಲರಾದುದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ನಾವು ಹತ್ತಿದ ದಿನ ನಮ್ಮ ಜೊತೆಗಿದ್ದ ಹೆಣ್ಣುಮಕ್ಕಳಲ್ಲಿ ಇಬ್ಬರು ಬೆಳಿಗ್ಗೆ ತಲೆಗೆ ನೀರೆರೆದುಕೊಂಡು, ಆರದ ಕೂದಲನ್ನು ತುರುಬು ಕಟ್ಟಿಕೊಂಡೇ ಬಂದಿದ್ದರು. ಮೇಲಿನ ಬಂಡೆಯ ಮೇಲೆ ಕುಳಿತು ಕೂದಲನ್ನು ಬಿಚ್ಚಿದರು. ಹತ್ತು ನಿಮಿಷಗಳಲ್ಲಿ ಬೇರುಸಹಿತ ಆರಿಹೋಯಿತು. ಆ ಗಾಳಿಗೆ ವೋಲ್ಟಿನ ಗೊಡವೆಯಿಲ್ಲ, ಪ್ಲಗ್ಗಿನ ಗೊಡವೆಯಿಲ್ಲ.

ಗೊಡವೆಯಿರುವುದು ಯಂತ್ರದ ಗಾಳಿಗೆ. ಈ ಸೀಮೆಯ ನಾಲ್ಕು ಊರುಗಳಲ್ಲಿಯೂ ನಮಗೆ ನೆಂಟರಿಷ್ಟರ ಮನೆಗಳುಂಟು. ಈಗ ಅಂತಹ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಪರದೇಶದಲ್ಲಿಲ್ಲದ ಮನೆಯನ್ನು ಹುಡುಕಬೇಕು. ಅವರು ಊರಿಗೆ ಬಂದಾಗ ಪೆಟ್ಟಿಗೆಯಲ್ಲಿ ಚಾಕೊಲೇಟು, ಬಾದಾಮಿಗಳೊಡನೆ ಒಂದು ಹೇರ್ ಡ್ರೈಯರನ್ನೋ, ಕೂದಲನ್ನು ನೆಟ್ಟಗೆ ಮಾಡುವ ಸ್ಟ್ರೈಟ್ನರನ್ನೋ, ಗುಂಗುರು ಮಾಡುವ ಕರ್ಲರನ್ನೋ ತರುತ್ತಾರೆ. ಅದು ಇಲ್ಲಿಯ ಸಾಕೆಟ್ಟಿನಲ್ಲಿ ಒಂದೇ ಒಂದು ಸಲ ಉರಿದು ಅಟ್ಟಕ್ಕೆ ಸೇರುತ್ತದೆ. ಇದು ಎಲ್ಲೋ ಒಂದು ಮನೆಯಲ್ಲಿ ನಡೆದ ವಿಚಿತ್ರವೆಂದು ನಾವು ಭಾವಿಸಿದ್ದೆವು. ಚಿತ್ರದುರ್ಗದಲ್ಲಿ ಸಂತೆಹೊಂಡದ ಆಚೆಯ ಬೀದಿಯೊಂದರಲ್ಲಿರುವ ರಿಪೇರಿ ಅಂಗಡಿಗೆ ಹೋದಾಗ ಈ ಭಾವನೆ ಕಳೆಯಿತು. ಅಂಗಡಿಯ ಒಡೆಯರು ಹಲಗೆಯ ಕೆಳಗಿನಿಂದ ಒಂದು ಗೋಣಿಚೀಲವನ್ನು ಎಳೆದು ತೋರಿಸಿ, “ಸ್ವಾಮೀ, ಇವೆಲ್ಲಾ ಅಮೆರಿಕದಿಂದ ಬಂದ ಹೆಣಗಳು. ರಿಪೇರಿಗೆ ಅಂತ ಕೊಟ್ಟು ಹೋಗುತ್ತಾರೆ. ನಾನು ಏನು ಮಾಡಲಿ, ಹೆಣಕ್ಕೆ ಔಷಧಿಯುಂಟೆ?” ಎಂದರು. ಕೆಲವುಗಳ ಮೂತಿ ಮೇಣದಂತೆ ಕರಗಿ ಸೊಟ್ಟಗಾಗಿತ್ತು.

ಇದರ ಕಾರಣವನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಅವಶ್ಯಕ. ತಿಳಿಯುವುದು ಕಷ್ಟವೂ ಅಲ್ಲ. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡವು ೨೩೦ ವೋಲ್ಟ್. ಅಮೆರಿಕ ಮತ್ತು ಕೆನಡಾಗಳಲ್ಲಿ ೧೨೦. ಜಪಾನಿನಲ್ಲಿ ಇನ್ನೂ ಕಡಮೆ, ೧೦೦. ೧೮೮೨ರಲ್ಲಿ ಎಡಿಸನ್ ಮಹಾಶಯನು ನ್ಯೂಯಾರ್ಕ್ ನಗರದಲ್ಲಿ ದೀಪಗಳನ್ನು ಹೊತ್ತಿಸಿದಾಗ ತನ್ನ ಇಂಗಾಲದ ಎಳೆಯ ದೀಪಗಳಿಗೆ ಹೊಂದುವಂತೆ ಸುಮಾರು ೧೧೦ ವೋಲ್ಟನ್ನು ಆರಿಸಿದನು. ಆ ದೇಶವು ಆ ಜಾಡಿನಲ್ಲಿಯೇ ಉಳಿಯಿತು. ಯೂರೋಪಿನವರು ಅದೇ ತಂತಿಯಲ್ಲಿ ಹೆಚ್ಚು ಶಕ್ತಿಯನ್ನು ಸಾಗಿಸುವುದಕ್ಕಾಗಿ ಒತ್ತಡವನ್ನು ಇಮ್ಮಡಿ ಮಾಡಿಕೊಂಡರು. ನಾವು ಬ್ರಿಟಿಷರ ಹಿಂದೆ ಹೋದೆವು.

ಒತ್ತಡವು ಇಮ್ಮಡಿಯಾದರೆ ಕಾವೂ ಇಮ್ಮಡಿಯಾಗುವುದೆಂದು ಹಲವರು ಎಣಿಸುತ್ತಾರೆ. ಹಾಗಲ್ಲ. ಕಾಯುವ ತಂತಿ ಒಂದೇ ಆಗಿರುವಾಗ ಒತ್ತಡವು ಎರಡರಷ್ಟಾದರೆ ಅದರೊಳಗೆ ಹರಿಯುವ ಪ್ರವಾಹವೂ ಎರಡರಷ್ಟಾಗುವುದು. ಹೀಗಾಗಿ ಕಾವು ನಾಲ್ಕರಷ್ಟಾಗುವುದು. ಅಮೆರಿಕದ ೧೫೦೦ ವ್ಯಾಟಿನ ಡ್ರೈಯರನ್ನು ನಮ್ಮ ೨೩೦ ವೋಲ್ಟಿಗೆ ಸೇರಿಸಿದರೆ ಅದು ಸುಮಾರು ೫೫೦೦ ವ್ಯಾಟಿನ ಒಲೆಯಾಗಲು ಹೊರಡುತ್ತದೆ. ನಮ್ಮ ಬಚ್ಚಲುಮನೆಯ ಗೀಜರು ಸಾಮಾನ್ಯವಾಗಿ ೨೦೦೦ ವ್ಯಾಟಿನದು. ಅಲ್ಲಿಯಾದರೆ ಕಾವನ್ನು ನುಂಗಲು ಕೊಡಗಟ್ಟಲೆ ನೀರಿದೆ. ಇಲ್ಲಿ ಎರಡು ಮುಕ್ಕಾಲು ಗೀಜರಿನ ಬೆಂಕಿ ಅಂಗೈಯಗಲದ ಪ್ಲಾಸ್ಟಿಕ್ಕಿನೊಳಗೆ, ಅದೂ ಒಬ್ಬ ಹೆಣ್ಣುಮಗಳ ಕಿವಿಯ ಪಕ್ಕದಲ್ಲಿ! ಪುಣ್ಯವಶದಿಂದ ಒಳಗಿನ ಫ್ಯೂಸು ಸುಟ್ಟರೆ ಅಥವಾ ಗೋಡೆಯ ಸ್ವಿಚ್ಚು ಬಿದ್ದುಹೋದರೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಕಿಡಿಯೂ ಕರಗಿದ ಪ್ಲಾಸ್ಟಿಕ್ಕೂ ಕೂದಲಿನ ಮೇಲೆ ಬೀಳುತ್ತವೆ.

ಹಿಂದೆ ಇಂತಹ ಅಪಾಯಕ್ಕೆ ಒಂದು ಸಹಜವಾದ ತಡೆಯಿದ್ದಿತು. ಅಮೆರಿಕದ ಪ್ಲಗ್ಗಿಗೆ ಚಪ್ಪಟೆಯ ಕಾಲುಗಳು. ನಮ್ಮ ಸಾಕೆಟ್ಟಿಗೆ ದುಂಡನೆಯ ಕಿಂಡಿಗಳು. ಕಾಲು ಕಿಂಡಿಯೊಳಕ್ಕೆ ಹೋಗುತ್ತಿರಲಿಲ್ಲ. ಈಗ ಹೊಸ ಮನೆಗಳಲ್ಲಿ ಯಾವ ದೇಶದ ಕಾಲನ್ನಾದರೂ ನುಂಗುವ ಸಾಕೆಟ್ಟುಗಳನ್ನು ಕೂಡಿಸುತ್ತಾರೆ. ಅಂಗಡಿಯ ಉದ್ದ ತಂತಿಯ ಬೋರ್ಡುಗಳಲ್ಲಿಯೂ ಅವೇ. ಅನುಕೂಲವೇನೋ ಅಹುದು, ಆದರೆ ಬಾಗಿಲಿನಲ್ಲಿ ನಿಂತು ‘ನೀನು ಯಾರು’ ಎಂದು ಕೇಳುತ್ತಿದ್ದ ಕಾವಲುಗಾರನನ್ನು ನಾವು ಮನೆಗೆ ಕಳುಹಿಸಿದಂತಾಯಿತು. ಇದಕ್ಕೆ ಸೇರಿದ ಇನ್ನೊಂದು ಕೇಡೆಂದರೆ ಮೊಬೈಲಿನ ಚಾರ್ಜರು ನಮಗೆಲ್ಲಾ ಕಲಿಸಿರುವ ಪಾಠ. ಅದು ೧೦೦ರಿಂದ ೨೪೦ ವೋಲ್ಟಿನವರೆಗೆ ಯಾವುದನ್ನು ಕೊಟ್ಟರೂ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಚಾರ್ಜರು ಒಪ್ಪಿದುದನ್ನು ಡ್ರೈಯರೂ ಒಪ್ಪುವುದೆಂದು ನಂಬಿದವರ ವಸ್ತುಗಳೇ ಆ ಗೋಣಿಚೀಲದಲ್ಲಿ ತುಂಬಿದ್ದುದು.

ದುರ್ಗದಿಂದ ನಾವು ಹೊಳಲ್ಕೆರೆಗೆ ಹೋದೆವು. ಅಲ್ಲಿಯ ಬಯಲು ಗಣಪತಿಯು ಮೇಲೆ ಚಾವಣಿಯಿಲ್ಲದೆ, ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತಿರುವ ದೊಡ್ಡ ಮೂರ್ತಿ. ಪ್ರಯಾಣಕ್ಕೆ ಮೊದಲು ಇಲ್ಲಿ ಕಾಯಿ ಒಡೆಸುವವರಲ್ಲಿ ಈಗ ಒಂದು ಹೊಸ ವರ್ಗವೇ ಸೇರಿದೆ: ಮಗಳ ಅಥವಾ ಸೊಸೆಯ ಬಾಣಂತನಕ್ಕಾಗಿ ವಿಮಾನವೇರುವ ತಾಯಂದಿರು. ಚಿಕ್ಕಜಾಜೂರು ಜಂಕ್ಷನ್ನಿನ ಆಚೆಗೆ ರೈಲಿನಲ್ಲಿ ಒಂಟಿಯಾಗಿ ಹೋಗದಿದ್ದವರು ಸಮುದ್ರವನ್ನು ದಾಟುತ್ತಾರೆ. ಅವರ ಪೆಟ್ಟಿಗೆಗಳಲ್ಲಿ ಏನೇನಿರುತ್ತದೆಂಬುದನ್ನು ನೋಡಿದವರಿಗೇ ಗೊತ್ತು. ಅಂಟಿನುಂಡೆ, ಒಣಶುಂಠಿ, ಸೀಗೆಪುಡಿ, ಮೆಂತ್ಯದ ಹಿಟ್ಟು, ಕಾಸಿದ ಕೊಬ್ಬರಿಯೆಣ್ಣೆ, ಸಾಂಬ್ರಾಣಿ.

ಸಾಂಬ್ರಾಣಿಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ಬಾಣಂತಿಗೆ ನೀರು ಹಾಕಿದ ಮೇಲೆ ಅವಳ ಕೂದಲನ್ನು ಒದ್ದೆಯಾಗಿ ಬಿಡುವ ಪದ್ಧತಿಯಿಲ್ಲ. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಸಾಂಬ್ರಾಣಿಯನ್ನು ಉದುರಿಸಿ, ಮೇಲೊಂದು ಬುಟ್ಟಿಯನ್ನು ಕವುಚಿ, ಆ ಬುಟ್ಟಿಯ ಮೇಲೆ ಕೂದಲನ್ನು ಹರಡಿ ಹೊಗೆ ಹಿಡಿಸುತ್ತಾರೆ. ತಲೆ ಆರುವವರೆಗೆ ಅಜ್ಜಿಯು ಕದಲುವುದಿಲ್ಲ. ಹೆಂಚಿನ ಮನೆಯಲ್ಲಿ ಆ ಹೊಗೆಗೆ ಬೆಳಕಿಂಡಿಯೂ ಹೆಂಚಿನ ಸಂದುಗಳೂ ದಾರಿ ಕೊಡುತ್ತವೆ. ಅಮೆರಿಕದ ಮನೆಯಾದರೋ ಮರದ್ದು. ಛಳಿಗಾಲದಲ್ಲಿ ಅದರ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿರುತ್ತಾರೆ. ಚಾವಣಿಯಲ್ಲಿ ಹೊಗೆಯನ್ನು ಕಂಡೊಡನೆ ಅರಚುವ ಯಂತ್ರವಿರುತ್ತದೆ. ಹೊಳಲ್ಕೆರೆಯ ನಮ್ಮ ಹಿರಿಯಕ್ಕನೊಬ್ಬರು ನ್ಯೂಜೆರ್ಸಿಯಿಂದ ಬಂದವರು ಹೇಳಿದುದು: “ಒಂದು ಚೂರು ಧೂಪ ಹಾಕಿದ್ದೇ ತಡ, ಊರಿಗೆಲ್ಲಾ ಕೇಳುವ ಹಾಗೆ ಕೂಗಿಕೊಂಡಿತಪ್ಪಾ. ಮಗು ಬೆಚ್ಚಿಬಿದ್ದು ಅತ್ತಿತು. ಅಳಿಯಂದಿರು ಓಡಿಬಂದು ಕುರ್ಚಿ ಹತ್ತಿ ಬಾಯಿ ಮುಚ್ಚಿಸಿದರು.”

ಕೂಗಿಕೊಂಡುದೇ ಒಳ್ಳೆಯದಾಯಿತೆಂದು ನಾವು ಹೇಳುತ್ತೇವೆ. ಮುಚ್ಚಿದ ಮನೆಯೊಳಗೆ ಇದ್ದಿಲಿನ ಕೆಂಡವನ್ನಿಡುವುದು ಹೊಗೆಯ ಮಾತಷ್ಟೇ ಅಲ್ಲ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡೆಂಬ ಅನಿಲವು ಹೊರಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತೂಕಡಿಕೆಗಳಿಂದ ತೊಡಗಿ ನಿದ್ರೆಯಲ್ಲಿಯೇ ಪ್ರಾಣವನ್ನು ತೆಗೆಯುತ್ತದೆ. ಪರದೇಶದ ಮನೆಯಲ್ಲಿ ಬಾಣಂತಿಯ ಕೋಣೆಗೆ ಕೆಂಡವನ್ನು ಒಯ್ಯಲೇಕೂಡದು. ಅಲ್ಲಿ ಸಾಂಬ್ರಾಣಿಯ ಕೆಲಸವನ್ನು ಡ್ರೈಯರೇ ಮಾಡಬೇಕು.

ಇದನ್ನು ಮೊದಲೇ ಯೋಚಿಸಿದ ಆ ಅಕ್ಕ ದುರ್ಗದ ಪೇಟೆಯಲ್ಲಿ ಒಂದು ಒಳ್ಳೆಯ ಡ್ರೈಯರನ್ನು ಕೊಂಡು ಒಯ್ದಿದ್ದರು. ಚಪ್ಪಟೆ ಕಾಲಿನ ಅಡಾಪ್ಟರನ್ನೂ ವಿಮಾನನಿಲ್ದಾಣದಲ್ಲಿ ಕೊಂಡರು. ಆದರೆ ಅಲ್ಲಿ ಅದನ್ನು ಹಚ್ಚಿದರೆ ಹಸುಗೂಸು ಊದಿದಷ್ಟು ಗಾಳಿ, ಉಗುರುಬೆಚ್ಚಗಿನಷ್ಟು ಕಾವು. ಇಲ್ಲಿ ಲೆಕ್ಕವು ತಿರುವುಮುರುವಾಯಿತಷ್ಟೆ. ೨೩೦ ವೋಲ್ಟಿಗೆಂದು ಮಾಡಿದ ೧೨೦೦ ವ್ಯಾಟಿನ ಡ್ರೈಯರು ೧೨೦ ವೋಲ್ಟಿನಲ್ಲಿ ಸುಮಾರು ೩೩೦ ವ್ಯಾಟನ್ನು ಮಾತ್ರ ಕೊಡುವುದು. ಅಪಾಯವಿಲ್ಲ, ಪ್ರಯೋಜನವೂ ಇಲ್ಲ. ಸೊಂಟದುದ್ದದ ಕೂದಲನ್ನು ಅದರಿಂದ ಆರಿಸಹೊರಟರೆ ಮಧ್ಯಾಹ್ನವಾಗಿ, ಮಗುವು ಹಾಲಿಗಾಗಿ ಎರಡು ಸಲ ಎದ್ದಿರುತ್ತದೆ. ಅಂಗಡಿಗಳಲ್ಲಿ ಅಡಾಪ್ಟರೆಂದು ಮಾರುವ ವಸ್ತುವು ಕಾಲಿನ ಆಕಾರವನ್ನು ಬದಲಿಸುವುದೇ ಹೊರತು ಒತ್ತಡವನ್ನು ಬದಲಿಸುವುದಿಲ್ಲ. ಪಂಚೆಯುಟ್ಟವನಿಗೆ ಪ್ಯಾಂಟು ತೊಡಿಸಿದ ಮಾತ್ರಕ್ಕೆ ಅವನಿಗೆ ಇಂಗ್ಲಿಷು ಬರುವುದೇ? ಕಡೆಗೆ ಅಳಿಯಂದಿರು ಅಲ್ಲಿಯದೇ ಒಂದು ಅಗ್ಗದ ಡ್ರೈಯರನ್ನು ತಂದುಕೊಟ್ಟರು. ಆರು ತಿಂಗಳು ಅದೇ ನಡೆಯಿತು. ಹೊರಡುವಾಗ ಅದನ್ನು ಅಲ್ಲಿಯೇ ಬಿಟ್ಟು ಬಂದುದು ಆ ತಾಯಿಯ ಜಾಣತನ.

ಒತ್ತಡವನ್ನು ಬದಲಿಸುವ ಕನ್ವರ್ಟರುಗಳಿಲ್ಲವೇ ಎಂದು ಕೇಳಬಹುದು. ಉಂಟು. ೫೦ ಅಥವಾ ೧೦೦ ವ್ಯಾಟಿನ ಸಣ್ಣ ಪೆಟ್ಟಿಗೆಯು ಗಡ್ಡ ಕೆರೆಯುವ ಯಂತ್ರಕ್ಕೆ ಸಾಕು. ಡ್ರೈಯರಿಗೆ ಸೇರಿಸಿದರೆ ತಾನೂ ಸುಟ್ಟು ಅದನ್ನೂ ಸುಡುತ್ತದೆ. ೧೫೦೦ ವ್ಯಾಟನ್ನು ಹೊರುವ ಟ್ರಾನ್ಸ್‌ಫಾರ್ಮರು ತಾಮ್ರ ಕಬ್ಬಿಣಗಳ ಗಂಟು. ಅದರ ಭಾರಕ್ಕೆ ಬದಲಾಗಿ ಅಷ್ಟೇ ತೂಕದ ಚಟ್ನಿಪುಡಿಯನ್ನು ಒಯ್ಯುವುದು ಲೇಸು. ಬೆಲೆ ಕಡಮೆಯ ಹಗುರ ಕನ್ವರ್ಟರುಗಳು ಬರೀ ಕಾಯುವ ತಂತಿಗೆ ತಕ್ಕವೇ ಹೊರತು, ಒಳಗೆ ಸೂಕ್ಷ್ಮಯಂತ್ರವಿರುವ ಈಗಿನ ಸ್ಟ್ರೈಟ್ನರುಗಳನ್ನು ಕೆಡಿಸುತ್ತವೆ.

ಯಂತ್ರದ ಹಿಡಿಯ ಮೇಲೆ ಸಣ್ಣ ಅಕ್ಷರಗಳ ಒಂದು ಬರಹವಿರುವುದು. ಅದರಲ್ಲಿ ೧೦೦–೨೪೦ ವೋಲ್ಟ್, ೫೦/೬೦ ಹರ್ಟ್ಜ್ ಎಂದಿದ್ದರೆ ಅದು ಎಲ್ಲಿಯೂ ನಡೆಯುವುದು. ಕಾಲಿಗೆ ಅಡಾಪ್ಟರು ಸಾಕು. ೨೨೦–೨೪೦ ಎಂದಷ್ಟೇ ಇದ್ದರೆ ಅಮೆರಿಕಕ್ಕೂ ಜಪಾನಿಗೂ ಬೇಡ. ೧೨೦ ಎಂದಷ್ಟೇ ಇದ್ದರೆ ನಮ್ಮ ಮನೆಗೆ ಬೇಡವೇ ಬೇಡ. ಕೆಲವು ಪ್ರಯಾಣದ ಡ್ರೈಯರುಗಳಲ್ಲಿ ನಾಣ್ಯದ ಅಂಚಿನಿಂದ ತಿರುಗಿಸುವ ಒಂದು ಗುಂಡಿಯಿರುತ್ತದೆ. ಅದನ್ನು ೧೧೦ರಿಂದ ೨೨೦ಕ್ಕೆ ತಿರುಗಿಸದೆ ಇಲ್ಲಿ ಹಚ್ಚಿದರೆ ಮೇಲೆ ಹೇಳಿದ ಗೋಣಿಚೀಲಕ್ಕೇ ದಾರಿ. ಬರಹದಲ್ಲಿ ಕಾಣುವ ಹರ್ಟ್ಜ್ ಎಂಬುದು ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹಿಂದುಮುಂದಾಗುವುದೆಂಬ ಎಣಿಕೆ. ನಮ್ಮಲ್ಲಿ ಅದು ೫೦. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು–ಸೊಲ್ಲಾಪುರಗಳ ನಡುವಣ ಮಾರ್ಗದಿಂದ ದಕ್ಷಿಣದ ಜಾಲವು ಉಳಿದ ದೇಶದ ಜಾಲವನ್ನು ಕೂಡಿಕೊಂಡಿತು. ಅಂದಿನಿಂದ ದುರ್ಗದ ಬೆಟ್ಟದ ‘ಫ್ಯಾನಿ’ಗೂ ದೆಹಲಿಯ ದೀಪಕ್ಕೂ ಒಂದೇ ತಾಳ. ಜಪಾನಿನಲ್ಲಾದರೋ ಪೂರ್ವಾರ್ಧಕ್ಕೆ ೫೦, ಪಶ್ಚಿಮಾರ್ಧಕ್ಕೆ ೬೦. ಒಂದೇ ದೇಶದೊಳಗೆ ಎರಡು ತಾಳ. ಕಾಯುವ ಯಂತ್ರಗಳಿಗೆ ಈ ತಾಳಭೇದವು ದೊಡ್ಡ ತೊಂದರೆಯೇನೂ ಅಲ್ಲ; ವೋಲ್ಟೇ ಮುಖ್ಯ.

ಹೊಸದುರ್ಗದ ಕಡೆಗೆ ಹೊರಳಿದರೆ ತೆಂಗಿನ ತೋಟಗಳು ದಾರಿಯ ಎರಡು ಬದಿಗೂ ಬಂದು ನಿಲ್ಲುತ್ತವೆ. ಇಲ್ಲಿಯ ಹೆಣ್ಣುಮಕ್ಕಳ ಕೂದಲಿನ ಕಪ್ಪಿಗೆ ಆ ತೋಟಗಳೇ ಸಾಕ್ಷಿ. ಆದರೆ ಎಣ್ಣೆ ಹಚ್ಚಿದ ಕೂದಲಿಗೂ ಸ್ಟ್ರೈಟ್ನರಿಗೂ ಹಗೆತನ. ಅದರ ತಗಡುಗಳು ೧೫೦ರಿಂದ ೨೩೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ. ಗಾಣದ ಕೊಬ್ಬರಿಯೆಣ್ಣೆಯು ಸುಮಾರು ೧೭೫ರಲ್ಲಿಯೇ ಹೊಗೆಯಾಡತೊಡಗುವುದು. ಅಂದರೆ ಕೂದಲು ಬಾಣಲೆಯ ಹಪ್ಪಳದ ಪಾಡಾಗುವುದು. ಒದ್ದೆಯ ಕೂದಲಿಗಂತೂ ಇನ್ನೂ ಕೇಡು. ಎಳೆಯ ಒಳಗಿನ ನೀರು ಆವಿಯಾಗಿ ಗುಳ್ಳೆಯೆದ್ದು, ಎಳೆಯು ಅಲ್ಲಿಂದ ಮುರಿಯುತ್ತದೆ. ಲಂಡನ್ನಿನಿಂದ ಮದುವೆಗೆಂದು ಬಂದಿದ್ದ ಹುಡುಗಿಯೊಬ್ಬಳು ಇಲ್ಲಿಯ ಒಂದು ಮನೆಯಲ್ಲಿ ಸ್ಟ್ರೈಟ್ನರನ್ನು ಆರಿಸದೆಯೇ ಹಾಸಿಗೆಯ ಮೇಲಿಟ್ಟು ಧಾರೆಗೆ ಓಡಿದಳಂತೆ. ರಜಾಯಿ ಕಂದುಹಿಡಿದು ಹೊಗೆಯೇಳುವಷ್ಟರಲ್ಲಿ ಹೂ ಕಟ್ಟುತ್ತಿದ್ದ ಸೋದರತ್ತೆಗೆ ಕಮಟು ವಾಸನೆ ತಾಕಿ, ಪ್ಲಗ್ಗನ್ನು ಕಿತ್ತರು. ಆ ಕೋಣೆಯ ತೊಟ್ಟಿಲಲ್ಲಿ ಮೂರು ತಿಂಗಳ ಕೂಸು ಮಲಗಿತ್ತು. ಈ ಯಂತ್ರವು ಆರಿಸಿದ ಮೇಲೆಯೂ ಕಾಲು ಗಂಟೆಯ ಕಾಲ ಮಕ್ಕಳ ಕೈಯನ್ನು ಸುಡಬಲ್ಲದು. ಕಲ್ಲಿನ ಕಟ್ಟೆಯ ಮೇಲೆ, ಮಕ್ಕಳ ಕೈಗೆಟುಕದಂತೆ, ತಂತಿ ಜೋಲಾಡದಂತೆ ಇಡಬೇಕು.

ಲಂಡನ್ನಿನ ಆ ಯಂತ್ರವು ಇಲ್ಲಿ ಕೆಲಸಮಾಡಿತೆಂಬುದನ್ನು ಗಮನಿಸಬೇಕು. ಇಂಗ್ಲೆಂಡಿಗೂ ನಮಗೂ ವೋಲ್ಟು ಒಂದೇ. ಕಾಲು ಮಾತ್ರ ಬೇರೆ. ನಾವು ಬಳಸುವ ಮೂರು ದುಂಡುಕಾಲಿನ ಪ್ಲಗ್ಗು ಅವರದೇ. ೧೯೩೪ರಲ್ಲಿ ಅದಕ್ಕೆ ಅವರು ನಿಯಮವನ್ನು ಗೊತ್ತುಮಾಡಿ, ೧೯೪೭ರಲ್ಲಿ ಫ್ಯೂಸನ್ನೊಳಗೊಂಡ ಚೌಕಕಾಲಿನ ಹೊಸ ಪ್ಲಗ್ಗನ್ನು ತಂದು ಹಳೆಯದನ್ನು ಕ್ರಮವಾಗಿ ಕೈಬಿಟ್ಟರು. ಅವರು ಬಿಟ್ಟುದು ನಮ್ಮ ಮನೆಗಳಲ್ಲಿ ಬಾಳುತ್ತಿದೆ. ದಕ್ಷಿಣ ಆಫ್ರಿಕಕ್ಕೆ ಹೋದವರು ಅಲ್ಲಿಯ ಗೋಡೆಗಳಲ್ಲಿ ನಮ್ಮ ದಪ್ಪ ಕಾಲಿನ ಪವರ್ ಪ್ಲಗ್ಗಿನ ಕಿಂಡಿಯನ್ನು ಕಂಡು ತವರಿನವರನ್ನು ಕಂಡಷ್ಟು ಹಿಗ್ಗುತ್ತಾರೆ. ದುಬೈ ಮತ್ತು ಸಿಂಗಪುರಗಳಲ್ಲಿ ಚೌಕಕಾಲು, ಜರ್ಮನಿಯಲ್ಲಿ ಎರಡು ದುಂಡುಕಾಲು, ಆಸ್ಟ್ರೇಲಿಯದಲ್ಲಿ ಓರೆಕಾಲು. ಇಲ್ಲೆಲ್ಲಾ ವೋಲ್ಟು ನಮ್ಮದಕ್ಕೆ ಹೊಂದುವುದಾದುದರಿಂದ ದೃಢವಾದ ಅಡಾಪ್ಟರೊಂದಿದ್ದರೆ ಸಾಕು. ಅದರ ಮೇಲೆ ಬರೆದ ಆಂಪಿಯರು ಡ್ರೈಯರಿನ ಹಸಿವಿಗೆ ಸಾಲಬೇಕೆಂಬುದೊಂದೇ ಷರತ್ತು.

ಹೊಸದುರ್ಗದಿಂದ ಮಾರಿಕಣಿವೆಯ ಮೇಲೆ ಹಿರಿಯೂರಿಗೆ ಹಿಂದಿರುಗಿದೆವು. ಎರಡು ಬೆಟ್ಟಗಳ ನಡುವೆ ವೇದಾವತಿಯನ್ನು ತಡೆದು, ೧೯೦೭ರಲ್ಲಿ ಮುಗಿಸಿದ ಕಲ್ಲುಗಾರೆಯ ಕಟ್ಟೆಯಿದು. ಮಹಾರಾಣಿಯವರ ನೆನಪಿಗಾಗಿ ವಾಣಿವಿಲಾಸ ಸಾಗರವೆಂಬ ಹೆಸರು. ೧೯೩೩ರಲ್ಲಿ ಕೋಡಿಬಿದ್ದ ಈ ಸಾಗರವು ಮತ್ತೆ ಕೋಡಿಬಿದ್ದುದು ೨೦೨೨ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಅಂತರ. ಆ ನೀರನ್ನು ನೋಡಲು ಬಂದ ಜನರಲ್ಲಿ ಮುದುಕಿಯರು ಅರಿಸಿನ ಕುಂಕುಮಗಳನ್ನು ತೇಲಿಬಿಟ್ಟರೆಂದು ಅಲ್ಲಿಯವರು ಹೇಳಿದರು. ಬರಗಾಲದ ಸೀಮೆಯಲ್ಲಿ ನೀರೇ ದೇವರು. ಅದೇ ನೀರು ವಿದ್ಯುತ್ತಿನ ಜೊತೆ ಸೇರಿದಲ್ಲಿ ಮಾತ್ರ ಯಮನಾಗುತ್ತದೆ.

ಪರದೇಶದ ಬಚ್ಚಲುಮನೆಗಳಲ್ಲಿ ನೀರು ತುಂಬಿದ ತೊಟ್ಟಿಯ ಪಕ್ಕದಲ್ಲಿಯೇ ಕನ್ನಡಿಯೂ ಸಾಕೆಟ್ಟೂ ಇರುವುದುಂಟು. ಡ್ರೈಯರು ಕೈಜಾರಿ ತೊಟ್ಟಿಗೆ ಬಿದ್ದು ಪ್ರಾಣಗಳು ಹೋದುವು. ಸ್ವಿಚ್ಚು ಆರಿದ್ದರೂ ಪ್ಲಗ್ಗು ಗೋಡೆಯಲ್ಲಿದ್ದರೆ ಅಪಾಯ ತಪ್ಪುವುದಿಲ್ಲ. ಆದುದರಿಂದ ಅಮೆರಿಕದವರು ೧೯೭೫ರಲ್ಲಿ ಹೊಸ ಮನೆಗಳ ಬಚ್ಚಲಿಗೆ ಸೋರುವಿದ್ಯುತ್ತನ್ನು ಕಂಡುಹಿಡಿದು ಕ್ಷಣಾರ್ಧದಲ್ಲಿ ಆರುವ ಸಾಕೆಟ್ಟನ್ನು ಕಡ್ಡಾಯ ಮಾಡಿದರು. ೧೯೯೧ರಿಂದ ಡ್ರೈಯರುಗಳ ಪ್ಲಗ್ಗಿನೊಳಗೇ ಅಂತಹ ರಕ್ಷಣೆಯನ್ನು ಕೂಡಿಸುತ್ತ ಬಂದರು. ಅಲ್ಲಿಯ ಡ್ರೈಯರಿನ ಪ್ಲಗ್ಗು ಇಲಿಪೆಟ್ಟಿಗೆಯಷ್ಟು ದಪ್ಪವಾಗಿರುವುದಕ್ಕೆ ಇದೇ ಕಾರಣ. ಆ ಸಾಕೆಟ್ಟಿನಲ್ಲಿ ಎರಡು ಪುಟ್ಟ ಗುಂಡಿಗಳಿವೆ. ಒಂದು ಪರೀಕ್ಷೆಗೆ, ಇನ್ನೊಂದು ಮರಳಿ ಹಚ್ಚುವುದಕ್ಕೆ. ಸುಮಾರು ೫ ಮಿಲಿಆಂಪಿಯರು ಸೋರಿದರೂ ಅದು ಆರಿಬಿಡುವುದು. ‘ಕೆಟ್ಟುಹೋಗಿದೆ’ ಎಂದು ಅದನ್ನು ಬಿಟ್ಟು ಬೇರೆ ಕೋಣೆಯಿಂದ ತಂತಿ ಎಳೆದು ತರುವವರಿದ್ದಾರೆ; ಹಾಗೆ ಮಾಡಕೂಡದು, ಯಂತ್ರವನ್ನೇ ಸಂಶಯಿಸಬೇಕು. ನಮ್ಮ ಊರಿನ ಹಳೆಯ ಮನೆಗಳಲ್ಲಿ ಇಂತಹ ರಕ್ಷಣೆಯು ಹಲವೆಡೆ ಇಲ್ಲವೇ ಇಲ್ಲ. ಇರುವಲ್ಲಿ ಸಾಮಾನ್ಯವಾಗಿ ೩೦ ಮಿಲಿಆಂಪಿಯರಿನದು. ಇಂಗ್ಲೆಂಡಿನ ಬಚ್ಚಲಿನಲ್ಲಿ ಗಡ್ಡದ ಯಂತ್ರಕ್ಕೆಂದು ಒಂದು ಚಿಕ್ಕ ಕಿಂಡಿ ಮಾತ್ರವಿರುವುದು. ಡ್ರೈಯರನ್ನು ಅದಕ್ಕೆ ಸೇರಿಸದೆ ಮಲಗುವ ಕೋಣೆಯಲ್ಲಿಯೇ ಬಳಸತಕ್ಕದ್ದು. ಹೋಟೆಲುಗಳಲ್ಲಿ ಇಳಿದುಕೊಳ್ಳುವವರು ಮೊದಲು ವಿಚಾರಿಸಿದರೆ ಬಹುಮಟ್ಟಿಗೆ ಅಲ್ಲಿಯೇ ಡ್ರೈಯರು ದೊರೆಯುವುದು.

ಇನ್ನು ವಿಮಾನದ ವಿಷಯ. ತಂತಿಯಿರುವ ಡ್ರೈಯರು, ಸ್ಟ್ರೈಟ್ನರುಗಳಿಗೆ ಅಡ್ಡಿಯಿಲ್ಲ. ಬಿಸಿಯಿರುವಾಗ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಬಾರದು, ತಂತಿಯನ್ನು ಹಿಡಿಗೆ ಬಿಗಿಯಾಗಿ ಸುತ್ತಿದರೆ ಬುಡದಲ್ಲಿ ಎಳೆ ಕಡಿಯುತ್ತದೆ. ತಂತಿಯಿಲ್ಲದ, ಲಿಥಿಯಂ ಬ್ಯಾಟರಿಯವುಗಳನ್ನು ಕೈಚೀಲದಲ್ಲಿಯೇ ಒಯ್ಯುವುದು ಲೇಸು. ಬಿಡಿ ಬ್ಯಾಟರಿಗಳನ್ನು ಒಪ್ಪಿಸುವ ಪೆಟ್ಟಿಗೆಯೊಳಗೆ ಇಡಲೇಕೂಡದು. ಗ್ಯಾಸಿನಿಂದ ಕಾಯುವ ಕರ್ಲರನ್ನು ಆಳಿಗೊಂದರಂತೆ, ಮುಚ್ಚಳವನ್ನು ಭದ್ರವಾಗಿ ಹಾಕಿದ್ದರೆ ಬಿಡುವುದುಂಟು. ಅದರ ಗ್ಯಾಸಿನ ಬಿಡಿ ಡಬ್ಬಿಯನ್ನು ಮಾತ್ರ ಬಿಡುವುದಿಲ್ಲ. ವಿಮಾನ ಕಂಪನಿಗಳ ಕಟ್ಟಳೆಗಳಲ್ಲಿ ಒಂದಕ್ಕೊಂದು ವ್ಯತ್ಯಾಸವುಂಟಾದುದರಿಂದ ಟಿಕೆಟ್ಟಿನ ಜೊತೆಗೆ ಬರುವ ಸೂಚನೆಯನ್ನು ಓದಿಕೊಳ್ಳುವುದು ಅವಶ್ಯಕ.

ನಾವು ಹಿರಿಯೂರಿನಲ್ಲಿ ಇಳಿದುಕೊಂಡಿದ್ದ ಮನೆಯ ತಾಯಿಯು ಮುಂದಿನ ತಿಂಗಳು ಟೊರಾಂಟೊವಿಗೆ ಹೊರಡುವವರು. ಸೊಸೆಗೆ ಚೊಚ್ಚಲ ಹೆರಿಗೆ. ಅವರು ಪೆಟ್ಟಿಗೆಯಿಂದ ಹೊಸ ಡ್ರೈಯರನ್ನು ತೆಗೆದು ನಮ್ಮ ಕೈಯಲ್ಲಿಟ್ಟರು. ಕನ್ನಡಕವನ್ನು ಹಾಕಿಕೊಂಡು ಹಿಡಿಯ ಬರಹವನ್ನು ನೋಡಿದರೆ ೨೨೦–೨೪೦. ಅದನ್ನು ಅಂಗಡಿಗೆ ಹಿಂದಕ್ಕೆ ಕಳುಹಿಸಿ, ಬಿಡುವಾದ ಜಾಗಕ್ಕೆ ಎರಡು ಪೊಟ್ಟಣ ಸೀಗೆಪುಡಿಯನ್ನು ತುರುಕಿದರು. ಸಾಂಬ್ರಾಣಿಯ ಪೊಟ್ಟಣವನ್ನು ತೆಗೆಯಲು ಮನಸ್ಸು ಬಾರದೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ದೇವರ ಮನೆಯ ಗೂಡಿನಲ್ಲಿ ಇರಿಸಿದರು.